ಹಲ್ಲಿನ ಕಲೆಯೂ ಹುಟ್ಟಲಿರುವ ಮಗುವೂ

(ದಂಪತಿಗಳ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರು ಮಾಡಿದ ಭಾಷಣ)

ಕುಟುಂಬ ಕಲ್ಯಾಣದ ಸಭೆಗೆ ಕರೆದು ಹಲ್ಲಿನ ವಿಷಯ ಮಾತನಾಡುತ್ತೇನೆಂದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಗರ್ಭಿಣಿಯ ಆರೈಕೆ, ಹೆರಿಗೆ, ಮಕ್ಕಳ ನಡುವಣ ಅಂತರ, ಲಸಿಕೆ, ಇವು ಈ ವೇದಿಕೆಯ ಎಂದಿನ ವಿಷಯಗಳು. ಹಲ್ಲಿಗೂ ಸಂಸಾರದ ಕ್ಷೇಮಕ್ಕೂ ಏನು ಸಂಬಂಧವೆಂದು ನೀವು ಕೇಳುವುದು ಸಹಜ. ಒಂದು ಪ್ರಸಂಗವನ್ನು ಹೇಳಿದರೆ ಆ ಸಂಬಂಧವು ತಾನಾಗಿಯೇ ತಿಳಿಯುವುದು.

ಐದು ವರ್ಷಗಳ ಹಿಂದೆ ಒಬ್ಬ ತರುಣ ರೈತನು ತನ್ನ ಹೆಂಡತಿಯನ್ನು ಗರ್ಭಿಣಿ ತಪಾಸಣೆಗೆಂದು ನಮ್ಮ ಆರೋಗ್ಯ ಕೇಂದ್ರಕ್ಕೆ ಕರೆತಂದಿದ್ದನು. ಆಕೆಗೆ ಆಗ ನಾಲ್ಕು ತಿಂಗಳು. ತಪಾಸಣೆ ಮುಗಿದ ಮೇಲೂ ಅವನು ಹೊರಡದೆ ನಿಂತು, “ಸಾರ್, ಇನ್ನೊಂದು ಮಾತು ಕೇಳಬೇಕಾಗಿತ್ತು. ಪಟ್ಟಣದಲ್ಲಿ ಒಂದು ಗಂಟೆಯೊಳಗೆ ಹಲ್ಲು ಬೆಳ್ಳಗೆ ಮಾಡಿಕೊಡುತ್ತಾರಂತೆ. ಇವಳಿಗೂ ಮಾಡಿಸಬಹುದೇ?” ಎಂದನು. ಆಕೆ ಕೂಡಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಂದಿನ ಹಲ್ಲುಗಳಲ್ಲಿ ಸುಣ್ಣ ಬಳಿದಂತಹ ಬಿಳಿ ಗೆರೆಗಳೂ ಅವುಗಳ ನಡುವೆ ಕಂದು ಪಟ್ಟಿಗಳೂ ಇದ್ದವು. ಮದುವೆಗೆ ಮೊದಲು ಹೆಣ್ಣು ನೋಡಲು ಬಂದವರು ಎರಡು ಬಾರಿ ಅದೇ ಕಾರಣಕ್ಕೆ ಹಿಂದಿರುಗಿದ್ದರಂತೆ. ಮದುವೆಯ ಫೋಟೋಗಳಲ್ಲಿ ಒಂದರಲ್ಲಿಯೂ ಆಕೆ ಬಾಯಿ ತೆರೆದು ನಕ್ಕಿರಲಿಲ್ಲ.

ಮಾತನಾಡುತ್ತಾ ಇನ್ನೊಂದು ಸಂಗತಿಯೂ ಹೊರಬಿತ್ತು. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹಲ್ಲು ಇನ್ನಷ್ಟು ಕಪ್ಪಾಗುವುದೆಂದು ಯಾರೋ ಹೇಳಿದ್ದರಿಂದ, ಆಶಾ ಕಾರ್ಯಕರ್ತೆಯು ಕೊಟ್ಟ ಮಾತ್ರೆಗಳನ್ನು ಆಕೆ ಒಂದು ಡಬ್ಬಿಯಲ್ಲಿ ಹಾಗೆಯೇ ಇಟ್ಟುಬಿಟ್ಟಿದ್ದಳು. ಗರ್ಭಿಣಿಯ ರಕ್ತದಲ್ಲಿ 11 ಗ್ರಾಂ ಇರಬೇಕಾದ ಹಿಮೊಗ್ಲೋಬಿನ್ ಆಕೆಯಲ್ಲಿ 8 ಗ್ರಾಂ ಇದ್ದಿತು. ಹಲ್ಲಿನ ಬಣ್ಣದ ಚಿಂತೆಯು ತಾಯಿ ಮಗುವಿನ ಪ್ರಾಣಕ್ಕೇ ಅಪಾಯ ತರುವ ಮಟ್ಟಕ್ಕೆ ಬಂದಿದ್ದಿತು.

ನಾನು ದಂತವೈದ್ಯನಲ್ಲ. ಆದರೆ ಆ ದಂಪತಿಗಳ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ದಂತವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡೆನು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಕಲೆ ಎಲ್ಲಿದೆ?

ಹಲ್ಲು ಬೆಳ್ಳಗೆ ಮಾಡುವ ವಿಧಾನಗಳಲ್ಲಿ ಯಾವುದು ಉತ್ತಮವೆಂದು ಕೇಳುವ ಮುನ್ನ, ಕಲೆಯು ಎಲ್ಲಿದೆ ಎಂದು ಕೇಳಬೇಕು. ಮನೆಯ ಗೋಡೆಯನ್ನು ನೆನೆಯಿರಿ. ಒಲೆಯ ಹೊಗೆಯಿಂದ ಗೋಡೆಯ ಮೇಲೆ ಕಟ್ಟಿದ ಮಸಿಯನ್ನು ಒರೆಸಿ ತೆಗೆಯಬಹುದು. ಗಾರೆಯೊಳಗೇ ಇಳಿದ ಕಲೆಯು ಎಷ್ಟು ಒರೆಸಿದರೂ ಹೋಗದು. ಗಾರೆಯೇ ಉದುರಿ ಗುಳಿ ಬಿದ್ದಿದ್ದರೆ ಮತ್ತೆ ಮೆತ್ತಬೇಕಾಗುವುದು. ಹಲ್ಲಿನ ಕಲೆಯೂ ಹೀಗೆಯೇ ಮೂರು ಬಗೆ.

ಹಲ್ಲಿನ ಹೊರಭಾಗದಲ್ಲಿ ಎನಾಮಲ್ ಎಂಬ ಗಟ್ಟಿಯಾದ ಹೊದಿಕೆಯಿದೆ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರಿಲ್ಲ. ಆದರೆ ಮೂಳೆ ಮುರಿದರೆ ಕೂಡಿಕೊಳ್ಳುವಂತೆ ಎನಾಮಲ್ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿನ ಪದರವು ಸ್ವಭಾವತಃ ಹಳದಿ ಛಾಯೆಯದು. ಆದುದರಿಂದ ಆರೋಗ್ಯವಂತ ಹಲ್ಲು ಕೊಂಚ ಹಳದಿಯಾಗಿ ಕಾಣುವುದು ರೋಗವಲ್ಲ. ಜಾಹೀರಾತಿನ ಹಲ್ಲಿನ ಬಿಳುಪು ಎಲ್ಲರಿಗೂ ಹುಟ್ಟಿನಿಂದ ಬಂದದ್ದಲ್ಲ.

ವಿಧಾನಗಳು ಮತ್ತು ಅವುಗಳ ಫಲ

ಮೊದಲನೆಯದು, ಹಲ್ಲನ್ನು ಶುಚಿಗೊಳಿಸುವುದು. ಇದಕ್ಕೆ ಸ್ಕೇಲಿಂಗ್ ಎನ್ನುವರು. ಎಲೆಅಡಿಕೆ, ಕಡ್ಡಿಪುಡಿ, ಬೀಡಿ, ಚಹಾ, ಕಾಫಿ ಇವುಗಳ ಕಲೆಯೂ, ವಸಡಿನ ಅಂಚಿನಲ್ಲಿ ಗಟ್ಟಿಯಾಗಿ ಕೂತ ಕಿಟ್ಟವೂ ಇದರಿಂದ ಹೋಗುತ್ತವೆ. ಕಂಪಿಸುವ ಯಂತ್ರದ ತುದಿಯಿಂದ ಕಿಟ್ಟವನ್ನು ಎಬ್ಬಿಸಿ, ಅನಂತರ ಪಾಲಿಶ್ ಮಾಡುತ್ತಾರೆ. ಇದರಿಂದ ಹಲ್ಲು ಸಡಿಲವಾಗುವುದೆಂಬ ನಂಬಿಕೆ ತಪ್ಪು. ಹಲ್ಲನ್ನು ಸಡಿಲಗೊಳಿಸುವುದು ಕಿಟ್ಟವೇ ಹೊರತು ಅದನ್ನು ತೆಗೆಯುವ ಚಿಕಿತ್ಸೆಯಲ್ಲ. ಹೊರಗಿನ ಕಲೆಗೆ ಇದಕ್ಕಿಂತ ಫಲಕಾರಿಯಾದ, ಅಗ್ಗವಾದ ವಿಧಾನವಿಲ್ಲ. ಗರ್ಭಿಣಿಯರಿಗೂ ಇದನ್ನು ಮಾಡಬಹುದು. ನಾಲ್ಕರಿಂದ ಆರನೆಯ ತಿಂಗಳ ಅವಧಿಯು ಅನುಕೂಲವಾದುದು. ಆದರೆ ಹಲ್ಲಿನ ಒಳಗಿನ ಬಣ್ಣವನ್ನು ಇದು ಬದಲಿಸಲಾರದು.

ಎರಡನೆಯದು, ಬ್ಲೀಚಿಂಗ್. ಪೆರಾಕ್ಸೈಡ್ ಎಂಬ ರಾಸಾಯನಿಕವು ಎನಾಮಲ್‌ನೊಳಗೆ ಇಳಿದು, ಅಲ್ಲಿನ ಬಣ್ಣದ ಕಣಗಳನ್ನು ಒಡೆದು ತಿಳಿಗೊಳಿಸುವುದು. ಇದನ್ನು ಎರಡು ರೀತಿಯಲ್ಲಿ ಮಾಡುತ್ತಾರೆ. ಚಿಕಿತ್ಸಾಲಯದಲ್ಲಿ ಮಾಡುವಾಗ ಶೇಕಡ 25ರಿಂದ 40ರಷ್ಟು ತೀಕ್ಷ್ಣವಾದ ಹೈಡ್ರೊಜನ್ ಪೆರಾಕ್ಸೈಡನ್ನು ವಸಡಿಗೆ ತಗಲದಂತೆ ಮರೆಮಾಡಿ ಹಲ್ಲಿಗೆ ಹಚ್ಚುವರು. ಮನೆಯಲ್ಲಿ ಮಾಡಿಕೊಳ್ಳುವ ರೀತಿಯಲ್ಲಿ, ರೋಗಿಯ ಹಲ್ಲಿನ ಅಚ್ಚು ತೆಗೆದು ತೆಳುವಾದ ತಟ್ಟೆಯನ್ನು ಮಾಡಿ, ಅದರಲ್ಲಿ ಶೇಕಡ 10ರ ಕಾರ್ಬಮೈಡ್ ಪೆರಾಕ್ಸೈಡ್ ತುಂಬಿ ರಾತ್ರಿ ಧರಿಸಲು ಹೇಳುವರು. ಈ ಕ್ರಮವು ವೈದ್ಯ ಪತ್ರಿಕೆಯಲ್ಲಿ 1989ರಲ್ಲಿ ಪ್ರಕಟವಾಗಿ ಪ್ರಚಾರಕ್ಕೆ ಬಂದಿತು.

ಎರಡರಲ್ಲಿ ಯಾವುದು ಮೇಲು? ಚಿಕಿತ್ಸಾಲಯದ ರೀತಿಯಲ್ಲಿ ಫಲ ಬೇಗ ಕಾಣುವುದು. ಆದರೆ ಅಂದು ಕಂಡ ಬಿಳುಪಿನಲ್ಲಿ ಒಂದು ಪಾಲು ಹಲ್ಲು ಒಣಗಿದ್ದರಿಂದ ಬಂದದ್ದು. ಕೆಲವು ದಿನಗಳಲ್ಲಿ ಅದು ಇಳಿಯುವುದು. ಸಾಮಾನ್ಯವಾಗಿ ಎರಡು ಮೂರು ಬಾರಿ ಹೋಗಬೇಕಾಗುತ್ತದೆ. ಮನೆಯ ರೀತಿಗೆ ಎರಡರಿಂದ ಆರು ವಾರ ಬೇಕು, ಆದರೆ ಕೊನೆಯಲ್ಲಿ ದೊರೆಯುವ ಫಲ ಕಡಮೆಯೇನಲ್ಲ. ನೀಲಿ ದೀಪದ ಬೆಳಕು ಬಿಟ್ಟರೆ ಹೆಚ್ಚು ಬೆಳ್ಳಗಾಗುವುದೆಂಬ ಮಾತು ಸಂಶೋಧನೆಯಲ್ಲಿ ದೃಢಪಟ್ಟಿಲ್ಲ. ಅದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಬ್ಲೀಚಿಂಗ್ ವಯಸ್ಸಿನಿಂದ ಬಂದ ಹಳದಿ ಬಣ್ಣಕ್ಕೆ ಚೆನ್ನಾಗಿ ಒಗ್ಗುವುದು. ಚಿಕಿತ್ಸೆಯ ದಿನಗಳಲ್ಲಿ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವುದು ಸಾಮಾನ್ಯ. ಅದು ಬಹುಮಟ್ಟಿಗೆ ತಾತ್ಕಾಲಿಕ. ಹಲ್ಲಿಗೆ ತುಂಬಿಸಿದ ಸಿಮೆಂಟು, ಹಾಕಿಸಿದ ಕ್ಯಾಪು ಇವುಗಳ ಬಣ್ಣ ಬದಲಾಗದು. ಫಲವೂ ಶಾಶ್ವತವಲ್ಲ. ಕಡ್ಡಿಪುಡಿ ಬೀಡಿಗಳನ್ನು ಬಿಡದವನಿಗೆ ಮತ್ತೆ ಕಲೆ ಕಟ್ಟುವುದು.

ಮೂರನೆಯದು, ಮೈಕ್ರೊ ಅಬ್ರೇಷನ್. ಸೌಮ್ಯಗೊಳಿಸಿದ ಆಮ್ಲವನ್ನು ಬಹು ನುಣುಪಾದ ಉಜ್ಜುವ ಪುಡಿಯೊಡನೆ ಸೇರಿಸಿ, ಎನಾಮಲ್‌ನ ಮೇಲ್ಪದರವನ್ನು ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ದಂತವೈದ್ಯರು ತೆಗೆಯುತ್ತಾರೆ. ನೀರಿನ ದೋಷದಿಂದ ಬಂದ ಕಂದು ಕಲೆಯು ಬಹುಮಟ್ಟಿಗೆ ಈ ಮೇಲ್ಪದರದಲ್ಲಿಯೇ ಇರುವುದರಿಂದ ಇದು ಅದಕ್ಕೆ ತಕ್ಕ ಚಿಕಿತ್ಸೆ. ಒಂದೆರಡು ಭೇಟಿಗಳಲ್ಲಿಯೇ ಫಲ ಕಾಣುವುದು. ಆಳವಾದ ಬಿಳಿ ಮಚ್ಚೆಗಳು ಮಾತ್ರ ಪೂರ್ತಿ ಹೋಗುವುದಿಲ್ಲ. ಆಗ ಇದಾದ ಮೇಲೆ ಮನೆಯ ಬ್ಲೀಚಿಂಗ್ ಮಾಡಿಸಿ, ಉಳಿದ ಹಲ್ಲಿನ ಬಣ್ಣವನ್ನು ತಿಳಿಗೊಳಿಸಿ, ಮಚ್ಚೆಯು ಎದ್ದು ಕಾಣದಂತೆ ಮಾಡುವರು.

ನಾಲ್ಕನೆಯದು, ಮುಚ್ಚುವ ವಿಧಾನ. ಎನಾಮಲ್ ಉದುರಿ ಗುಳಿಗಳು ಬಿದ್ದಿದ್ದರೆ ಬಿಳುಪು ಮಾಡಿ ಪ್ರಯೋಜನವಿಲ್ಲ. ಹಲ್ಲಿನ ಬಣ್ಣದ ಕಾಂಪೋಸಿಟ್ ಮೆತ್ತುವುದು, ಪಿಂಗಾಣಿಯ ತೆಳು ಹೊದಿಕೆ ಅಂಟಿಸುವುದು, ಕ್ಯಾಪು ಹಾಕುವುದು, ಇವು ಅದಕ್ಕಿರುವ ದಾರಿಗಳು. ನೋಟಕ್ಕೆ ಇವು ಎಲ್ಲಕ್ಕಿಂತ ಸೊಗಸು. ಆದರೆ ಪಿಂಗಾಣಿಯ ಹೊದಿಕೆಗೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಹಲ್ಲನ್ನು ಕೆತ್ತಬೇಕು, ಕ್ಯಾಪಿಗೆ ಅದಕ್ಕಿಂತಲೂ ಹೆಚ್ಚು. ಕೆತ್ತಿದ್ದು ಮರಳಿ ಬರುವುದಿಲ್ಲ. ಹೊದಿಕೆಯನ್ನು ಮುಂದೊಂದು ದಿನ ಬದಲಿಸಬೇಕಾಗಿಯೂ ಬರುವುದು. ವೆಚ್ಚವೂ ಹೆಚ್ಚು. ಆದುದರಿಂದ ಇದು ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ.

ಇವಲ್ಲದೆ, ಪೆಟ್ಟು ಬಿದ್ದು ಒಂದೇ ಹಲ್ಲು ಕಪ್ಪಾಗಿದ್ದರೆ ಅದರೊಳಗಿನ ನರ ಸತ್ತಿರುವ ಸಂಭವವುಂಟು. ಅದಕ್ಕೆ ಬೇರಿನ ಚಿಕಿತ್ಸೆ ಮಾಡಿ, ಔಷಧವನ್ನು ಹಲ್ಲಿನ ಒಳಗಿನಿಂದಲೇ ಇಟ್ಟು ಬಣ್ಣ ತಿಳಿಗೊಳಿಸುವರು.

ಒಟ್ಟಿನಲ್ಲಿ ಹೇಳುವುದಾದರೆ, ಮೇಲಿನ ಕೊಳೆಗೆ ಸ್ಕೇಲಿಂಗ್. ಒಳಗಿನ ಹಳದಿಗೆ ಬ್ಲೀಚಿಂಗ್. ನೀರಿನಿಂದ ಬಂದ ಕಂದು ಕಲೆಗೆ ಮೈಕ್ರೊ ಅಬ್ರೇಷನ್. ಗುಳಿ ಬಿದ್ದ ಹಲ್ಲಿಗೆ ಹೊದಿಕೆ. ಕಲೆ ಯಾವುದೆಂದು ನೋಡದೆ ಎಲ್ಲರಿಗೂ ಒಂದೇ ವಿಧಾನವನ್ನು ಹೇಳುವವರ ಮಾತನ್ನು ನಂಬಬೇಡಿ.

ಎಚ್ಚರಿಕೆಯ ಮಾತು

ಸಂತೆ ಜಾತ್ರೆಗಳಲ್ಲಿ ಸಣ್ಣ ಸೀಸೆಯೊಂದನ್ನು ಹಿಡಿದು, ಹತ್ತಿಯಿಂದ ಒಂದು ಬಾರಿ ಒರೆಸಿ ಹಲ್ಲನ್ನು ಬೆಳ್ಳಗೆ ಮಾಡಿ ತೋರಿಸುವವರುಂಟು. ಆ ಸೀಸೆಯಲ್ಲಿರುವುದು ಬಹುಪಾಲು ಆಮ್ಲ. ಅದು ಕಲೆಯೊಡನೆ ಎನಾಮಲನ್ನೂ ಕರಗಿಸುವುದು. ಅಂದು ಬೆಳ್ಳಗೆ ಕಂಡ ಹಲ್ಲು ಕಾಲಾನಂತರ ಹಳದಿಯಾಗಿ, ನೀರು ತಾಕಿದರೆ ಜುಮ್ಮೆನ್ನತೊಡಗುವುದು. ಇಟ್ಟಿಗೆ ಪುಡಿ, ಮರಳು, ಇದ್ದಿಲು ಇವುಗಳಿಂದ ತಿಕ್ಕುವುದೂ, ನಿಂಬೆರಸ ಉಜ್ಜುವುದೂ ಇದೇ ಹಾನಿಯನ್ನು ನಿಧಾನವಾಗಿ ಮಾಡುತ್ತವೆ. ಹಲ್ಲುಪುಡಿಯಲ್ಲಿ ತಂಬಾಕು ಬೆರೆಸುವುದನ್ನು ಸರ್ಕಾರವು 1992ರಲ್ಲಿಯೇ ನಿಷೇಧಿಸಿದೆ. ಅಂತಹ ಪುಡಿಯನ್ನು ಯಾರೇ ಮಾರಿದರೂ ಕೊಳ್ಳಬೇಡಿ.

ಬ್ಲೀಚಿಂಗನ್ನು ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಮಾಡಿಸಬಾರದು. ಅವರಲ್ಲಿ ಅದು ನಿರಪಾಯವೆಂದು ಇನ್ನೂ ಸಿದ್ಧಪಟ್ಟಿಲ್ಲ. ಕಾಯುವುದರಿಂದ ನಷ್ಟವೂ ಇಲ್ಲ. ಹದಿನೆಂಟು ವರ್ಷ ತುಂಬದ ಮಕ್ಕಳಿಗೂ ಇದು ಬೇಡ. ಹುಳುಕು ಹಲ್ಲು, ವಸಡಿನ ರೋಗ ಇದ್ದರೆ ಮೊದಲು ಅದನ್ನು ಗುಣಪಡಿಸಿಕೊಳ್ಳಬೇಕು. ಕಡ್ಡಿಪುಡಿ ಹಾಕುವವರ ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ, ಬಾಯಿ ತೆರೆಯುವುದು ಕಷ್ಟವಾಗಿದ್ದರೆ, ಹಲ್ಲಿನ ಬಣ್ಣದ ಮಾತು ಬಿಟ್ಟು ಅಂದೇ ವೈದ್ಯರಿಗೆ ತೋರಿಸಿ. ಅದು ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದು.

ಇನ್ನು ಕಬ್ಬಿಣಾಂಶದ ಮಾತ್ರೆಯ ಮಾತು. ನುಂಗಿದ ಮಾತ್ರೆಯು ಹಲ್ಲನ್ನು ಕಪ್ಪು ಮಾಡುವುದಿಲ್ಲ. ಮಲವು ಕಪ್ಪಗಾಗಬಹುದು, ಅದರಿಂದ ತೊಂದರೆಯಿಲ್ಲ. ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ದ್ರವವು ಹಲ್ಲಿನ ಮೇಲೆ ಕಪ್ಪು ಕಲೆಯನ್ನು ಕಟ್ಟಿಸಬಹುದು. ಆದರೆ ಅದು ಹೊರಗಿನ ಕಲೆ, ಶುಚಿಗೊಳಿಸಿದರೆ ಹೋಗುವುದು. ಹಲ್ಲಿನ ಭಯದಿಂದ ಯಾವ ಗರ್ಭಿಣಿಯೂ ಮಾತ್ರೆಯನ್ನು ಬಿಡಬಾರದು. ಹಾಗೆಯೇ, ಬಸಿರಿನಲ್ಲಿ ಮಗುವು ತಾಯಿಯ ಹಲ್ಲಿನ ಸುಣ್ಣವನ್ನು ಎಳೆದುಕೊಳ್ಳುವುದೆಂಬ ನಂಬಿಕೆಯೂ ಸರಿಯಲ್ಲ. ಆ ಕಾಲದಲ್ಲಿ ವಸಡು ಊದುವುದು, ವಾಂತಿಯ ಹುಳಿ ತಗಲುವುದು, ಹಲ್ಲುಜ್ಜಲು ಬೇಸರಿಸುವುದು, ಇವೇ ಹಲ್ಲು ಕೆಡಲು ಕಾರಣ.

ಮಗುವಿನ ಹಲ್ಲು ತಯಾರಾಗುವ ಕಾಲ

ಇದುವರೆಗೆ ಹೇಳಿದ್ದೆಲ್ಲ ಬಿದ್ದ ಕಲೆಯನ್ನು ತೆಗೆಯುವ ಮಾತು. ಬೀಳದಂತೆ ತಡೆಯುವುದು ಸಾಧ್ಯವಿರುವ ಒಂದು ಕಾಲವುಂಟು. ಆ ಕಾಲವು ತಂದೆತಾಯಿಗಳ ಕೈಯಲ್ಲಿದೆ.

ಮಗುವಿನ ಹಾಲುಹಲ್ಲುಗಳು ಗಟ್ಟಿಯಾಗತೊಡಗುವುದು ತಾಯಿಯ ಹೊಟ್ಟೆಯಲ್ಲಿರುವಾಗಲೇ, ಸುಮಾರು ನಾಲ್ಕನೆಯ ತಿಂಗಳಲ್ಲಿ. ಮುಂದಿನ ಶಾಶ್ವತ ಹಲ್ಲುಗಳ ಎನಾಮಲ್ ಮಗು ಹುಟ್ಟಿದ ಮೂರು ನಾಲ್ಕು ತಿಂಗಳಿಗೆ ವಸಡಿನೊಳಗೆ ರೂಪುಗೊಳ್ಳತೊಡಗಿ, ನಾಲ್ಕೈದು ವರ್ಷಕ್ಕೆ ಮುಗಿಯುವುದು. ಉಳಿದ ಹಲ್ಲುಗಳಲ್ಲಿ ಬಹುಪಾಲು ಎಂಟು ವರ್ಷದೊಳಗೆ ತಯಾರಾಗುತ್ತವೆ. ಏಳು ವರ್ಷದ ಮಗುವಿನ ಬಾಯಿಯಲ್ಲಿ ನೀವು ಕಾಣುವ ಕಲೆಯು ಆ ಮಗುವು ತೊಟ್ಟಿಲಲ್ಲಿದ್ದಾಗ, ಅಂಗಳದಲ್ಲಿ ಆಡುತ್ತಿದ್ದಾಗ ಬಿದ್ದದ್ದು.

ಕಲೆ ಬೀಳಿಸುವುದು ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಅಂಶ. ಅದು ಮಿತವಾಗಿದ್ದರೆ ಹಲ್ಲು ಹುಳುಕದಂತೆ ಕಾಯುವುದು. ಮಿತಿ ಮೀರಿದರೆ ಎನಾಮಲ್ ಸರಿಯಾಗಿ ಕಟ್ಟದಂತೆ ಮಾಡುವುದು. ಈ ರೋಗಕ್ಕೆ ಫ್ಲೋರೋಸಿಸ್ ಎಂದು ಹೆಸರು. ನಮ್ಮ ದೇಶದಲ್ಲಿ ವೈದ್ಯರು ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಇಂದಿನ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯಲ್ಲಿ. ನಮ್ಮ ನಾಡಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿಯೂ, ಪಾವಗಡ, ಮುಂಡರಗಿ ಮೊದಲಾದ ತಾಲ್ಲೂಕುಗಳಲ್ಲಿಯೂ ಅನೇಕ ಹಳ್ಳಿಗಳು ಇದರ ಬಾಧೆಗೆ ಒಳಗಾಗಿವೆ. ಇದರ ತಡೆಗಾಗಿ ಕೇಂದ್ರ ಸರ್ಕಾರವು 2008–09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕಲ್ಲಿನ ಪದರಗಳಿಂದ ಫ್ಲೋರೈಡ್ ನೀರಿಗೆ ಇಳಿಯುವುದರಿಂದ ಆಳವಾದ ಕೊಳವೆ ಬಾವಿಗಳಲ್ಲಿ ಇದರ ಭಯ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದೆಡೆ 1.5 ಮಿಲಿಗ್ರಾಂ ಕೊನೆಯ ಮಿತಿ.

ಇದು ಬರಿಯ ಅಂದದ ಪ್ರಶ್ನೆಯಲ್ಲ. ಅದೇ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗಳಲ್ಲಿಯೂ ಫ್ಲೋರೈಡ್ ಸೇರಿ, ಕೀಲುಗಳು ಬಿಗಿದು, ಬೆನ್ನು ಬಾಗುವ ಸ್ಥಿತಿ ಬರಬಹುದು. ಮಗುವಿನ ಹಲ್ಲಿನ ಕಲೆಯು ನೀರು ಕೊಡುತ್ತಿರುವ ಮೊದಲ ಎಚ್ಚರಿಕೆ.

ದಂಪತಿಗಳು ಮಾಡಬೇಕಾದುದು

1. ನೀವು ಕುಡಿಯುವ ನೀರನ್ನು ಗ್ರಾಮ ಪಂಚಾಯಿತಿಯ ಮೂಲಕ ಪರೀಕ್ಷೆ ಮಾಡಿಸಿರಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿನಿಂದ ನೋಡಿ, ನಾಲಿಗೆಯಿಂದ ರುಚಿ ನೋಡಿ ತಿಳಿಯಲಾಗದು.

2. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುವುದು. ಸಾಮಾನ್ಯ ಸೋಸುವ ಬತ್ತಿಯೂ ಅದನ್ನು ತಡೆಯದು. ಮಳೆಯ ನೀರು, ನದಿಯ ನಲ್ಲಿ ನೀರು, ಸರಿಯಾಗಿ ನಡೆಯುವ ಶುದ್ಧ ನೀರಿನ ಘಟಕದ ನೀರು, ಇವು ಒಳ್ಳೆಯವು. ಘಟಕದ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು.

3. ಆ ನೀರನ್ನು ಕುಡಿಯಲು ಮಾತ್ರವಲ್ಲದೆ ಅನ್ನ, ಬೇಳೆ, ಗಂಜಿ ಬೇಯಿಸಲೂ ಬಳಸಿರಿ. ಸ್ನಾನಕ್ಕೆ, ಬಟ್ಟೆಗೆ ಕೊಳವೆ ಬಾವಿಯ ನೀರು ಸಾಕು.

4. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲನ್ನು ಮಾತ್ರ ಕೊಡಿರಿ. ತಾಯಿಯು ಫ್ಲೋರೈಡ್ ಹೆಚ್ಚಿರುವ ನೀರನ್ನು ಕುಡಿದರೂ ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಅದೇ ನೀರಿನಲ್ಲಿ ಡಬ್ಬಿಯ ಹಾಲಿನ ಪುಡಿಯನ್ನು ಕಲಸಿ ಕೊಟ್ಟರೆ ಅದೆಲ್ಲವೂ ಮಗುವಿನ ಹೊಟ್ಟೆಗೆ ಹೋಗುವುದು.

5. ರಾಗಿ, ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ ಇವು ತಾಯಿ ಮಕ್ಕಳ ಆಹಾರದಲ್ಲಿರಲಿ. ಮಕ್ಕಳಿಗೆ ಚಹಾ ಬೇಡ. ಚಹಾ ಎಲೆಯಲ್ಲಿಯೂ ಫ್ಲೋರೈಡ್ ಉಂಟು.

6. ಟೆಟ್ರಾಸೈಕ್ಲಿನ್ ಔಷಧವನ್ನು ಗರ್ಭಿಣಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಅಂಗಡಿಯಿಂದ ತಂದು ಕೊಡಬೇಡಿ. ಅದು ಬೆಳೆಯುತ್ತಿರುವ ಹಲ್ಲಿನೊಳಗೇ ಸೇರಿ ಹಳದಿ ಬೂದು ಬಣ್ಣ ಕಟ್ಟಿಸುವುದು. ಆ ಕಲೆಗೆ ಬ್ಲೀಚಿಂಗನ್ನು ತಿಂಗಳುಗಟ್ಟಲೆ ಮಾಡಬೇಕಾಗುವುದು.

7. ಮಗುವಿಗೆ ಪೇಸ್ಟನ್ನು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು ಮಾತ್ರ ಹಾಕಿ, ಉಗುಳುವುದನ್ನು ಕಲಿಸಿರಿ.

ಕೊನೆಯ ಮಾತು

ಆ ದಂಪತಿಗಳಿಗೆ ನಾನು ಹೇಳಿದ್ದು ಇಷ್ಟೇ: “ಈಗ ಹಲ್ಲು ಬೆಳ್ಳಗೆ ಮಾಡಿಸುವುದು ಬೇಡ. ನಿಮ್ಮ ಹಲ್ಲು ಎರಡು ಮೂರು ವರ್ಷ ಕಾಯುತ್ತದೆ. ಮಗುವಿನ ಹಲ್ಲು ಕಾಯುವುದಿಲ್ಲ. ಈಗ ಮಾತ್ರೆ ನುಂಗಿ, ನೀರು ಬದಲಿಸಿ.” ಪರೀಕ್ಷೆಯಲ್ಲಿ ಅವರ ಕೊಳವೆ ಬಾವಿಯ ನೀರು ಮಿತಿಯನ್ನು ಮೀರಿದ್ದುದು ತಿಳಿಯಿತು. ಅಂದಿನಿಂದ ಗಂಡನು ದಿನವೂ ಸೈಕಲ್ಲಿನಲ್ಲಿ ಪಕ್ಕದ ಊರಿನ ಘಟಕದಿಂದ ನೀರು ತಂದನು. ಹೆಂಗಸರ ಕೆಲಸವೆಂದು ಅವನನ್ನು ನೋಡಿ ನಕ್ಕವರೂ ಇದ್ದರು. ಅವನು ಬಿಡಲಿಲ್ಲ. ಆಕೆ ಮಾತ್ರೆಗಳನ್ನು ತಪ್ಪದೆ ನುಂಗಿದಳು. ಹೆರಿಗೆಯ ಹೊತ್ತಿಗೆ ರಕ್ತ ಸುಧಾರಿಸಿದ್ದಿತು. ಹೆಣ್ಣು ಮಗು ಸುಖವಾಗಿ ಹುಟ್ಟಿತು.

ಮಗುವಿಗೆ ಎರಡು ವರ್ಷ ತುಂಬಿ ಎದೆಹಾಲು ಬಿಡಿಸಿದ ಮೇಲೆ ತಾಯಿಯನ್ನು ದಂತ ಮಹಾವಿದ್ಯಾಲಯಕ್ಕೆ ಕಳುಹಿಸಿದೆವು. ಅಲ್ಲಿ ಎರಡು ಬಾರಿ ಮೈಕ್ರೊ ಅಬ್ರೇಷನ್ ಮಾಡಿ, ಅನಂತರ ಕೆಲವು ವಾರ ಮನೆಯ ಬ್ಲೀಚಿಂಗ್ ಮಾಡಿಸಿದರು. ಕಂದು ಪಟ್ಟಿಗಳು ಹೋದವು. ಬಿಳಿ ಗೆರೆಗಳ ಛಾಯೆ ಇನ್ನೂ ಸ್ವಲ್ಪ ಉಂಟು. ಅದು ಇರಲಿ ಎಂದಳು. ಈಗ ಮಾತನಾಡುವಾಗ ಸೆರಗು ಬಾಯಿಗೆ ಹೋಗುವುದಿಲ್ಲ.

ಆ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಹಾಲುಹಲ್ಲುಗಳು ಬೆಳ್ಳಗಿವೆ. ಆದರೆ ಹಾಲುಹಲ್ಲುಗಳಲ್ಲಿ ಈ ಕಲೆ ಕಾಣುವುದು ಕಡಮೆಯಾದ್ದರಿಂದ ಅವನ್ನು ನೋಡಿ ತೀರ್ಮಾನಿಸಲಾಗದು. ಏಳನೆಯ ವರ್ಷದ ಸುಮಾರಿಗೆ ಮುಂದಿನ ಶಾಶ್ವತ ಹಲ್ಲುಗಳು ಹೊರಬಂದಾಗ ತಂದೆಯ ಸೈಕಲ್ಲಿನ ದುಡಿಮೆಯ ಫಲ ಕಾಣಬೇಕು. ತಂದೆತಾಯಿಗಳಿಬ್ಬರೂ ಆ ದಿನಕ್ಕಾಗಿ ಕಾಯುತ್ತಿದ್ದಾರೆ, ನಾನೂ ಕಾಯುತ್ತಿದ್ದೇನೆ.

ಸೋದರ ಸೋದರಿಯರೇ, ನಿಮ್ಮ ಹಲ್ಲಿನಲ್ಲಿ ಕಲೆಯಿದ್ದರೆ ನಾಚಬೇಕಾಗಿಲ್ಲ. ಅದು ನಿಮ್ಮ ತಪ್ಪಲ್ಲ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ, ಕಲೆ ಯಾವ ಬಗೆಯದೆಂದು ಕೇಳಿ ತಿಳಿದು, ಅದಕ್ಕೆ ತಕ್ಕ ಚಿಕಿತ್ಸೆ ಪಡೆಯಿರಿ. ಅದಕ್ಕೆ ಅವಸರವಿಲ್ಲ. ಆದರೆ ಮನೆಯಲ್ಲಿ ಗರ್ಭಿಣಿಯಿದ್ದರೆ, ತೊಟ್ಟಿಲಲ್ಲಿ ಮಗುವಿದ್ದರೆ, ನೀರಿನ ಪರೀಕ್ಷೆಯನ್ನು ನಾಳೆಗೆ ಮುಂದೂಡಬೇಡಿ.